ಗಾಜಿನ ಕಿಟಕಿಯಲ್ಲಿ ಗೋಬೆರ

ಆಗತಾನೇ ಆರಿಸಿದ ಕೊಬ್ಬಿನ ಬತ್ತಿಯ ಹೊಗೆ ಮೂಗಿಗೆ ಬಡಿದರೆ ಸಾಕು, ಗೋಬೆರ ತಾನು ನಲವತ್ತು ದಾಟಿದ ಗಂಡಸೆಂಬುದನ್ನು ಮರೆತುಬಿಡುತ್ತಿದ್ದ. ಅವನು ಚಿಕ್ಕವನಿದ್ದಾಗ ರಾತ್ರಿ ಊಟವಾದ ಕೂಡಲೇ ತಾಯಿ ಎರಡು ಬೆರಳಿನಿಂದ ಬತ್ತಿ ಹಿಸುಕಿ ಆರಿಸುತ್ತಿದ್ದಳು. ಊರಿಗೆಲ್ಲ ಬತ್ತಿ ಮಾಡಿ ಮಾರುವ ಮನೆಯವರು ತಾವೇ ಅದನ್ನು ಉರಿಸಿಕೊಂಡು ಕೂರುವುದು ದುಂದು ಎಂದು ಅವಳ ಮತ. ಕತ್ತಲಲ್ಲಿ ಆ ಹೊಗೆ ಸುಳಿಯುತ್ತಿರುವಾಗಲೇ ಅವಳ ಕೈ ಹುಡುಕಿಕೊಂಡು ಬಂದು ಅವನ ತಲೆಯ ಮೇಲೆ ಕೂರುತ್ತಿತ್ತು. ಕುರಿಕೊಬ್ಬಿನ ಕಮಟು, ಸುಟ್ಟ ನೂಲಿನ ಘಾಟು. ಬೇರೆಯವರು ಮೂಗು ಮುಚ್ಚಿಕೊಳ್ಳುವ ಆ ವಾಸನೆ ಗೋಬೆರನಿಗೆ ತಾಯಿಯ ಅಂಗೈ.

ತಾಯಿ ಹೋದ ಮೇಲೂ ಅವನು ಅದೇ ಕಸುಬು ಮಾಡಿಕೊಂಡಿದ್ದ. ಒಂದು ಚಳಿಗಾಲದ ಮೊದಲಲ್ಲಿ ನಮ್ಮ ವೊರ್ಸಿ ಊರಿನ ಚರ್ಚಿಗೆ ಬಣ್ಣದ ಗಾಜಿನ ಕಿಟಕಿ ಮಾಡಲು ಎವ್ರಾರ ಮೇಸ್ತ್ರಿ ಬಂದ. ಗಾಜಿನ ತುಂಡುಗಳನ್ನು ಹಿಡಿದಿಡುವ ಸೀಸದ ಪಟ್ಟಿಗಳನ್ನು ಬೆಸೆಯಲು ಅವನಿಗೆ ಕುರಿಕೊಬ್ಬು ಬೇಕಾಯಿತು. ಉಂಡೆ ಕೊಬ್ಬು ತೆಗೆದುಕೊಂಡು ಹೋದ ಗೋಬೆರನ ಎದುರಿಗೇ ಮೇಸ್ತ್ರಿ ಕಾಯ್ದ ಕಬ್ಬಿಣವನ್ನು ಅದಕ್ಕೆ ಒತ್ತಿದ. ಸುಂಯ್ ಎಂದು ಹೊಗೆ ಎದ್ದಿತು. ಅದೇ ಹೊಗೆ. ಗೋಬೆರನ ಒಂದು ಹುಬ್ಬು ಮೇಲೇರಿತು, ಇನ್ನೊಂದು ಕೆಳಗಿಳಿಯಿತು. ಕಣ್ಣು ಕಿರಿದಾಯಿತು. ಅಳು ಹೊರಗೆ ಬಾರದಂತೆ ತುಟಿ ಬಿಗಿದುಕೊಂಡಿತು. ತಲೆ ತಗ್ಗಿಸಿ ಹೊಗೆಯನ್ನೇ ನೋಡುತ್ತ ನಿಂತ. ಮೇಸ್ತ್ರಿ ಕತ್ತೆತ್ತಿ ಅವನನ್ನು ನೋಡಿದ. ಪಕ್ಕದಲ್ಲಿದ್ದ ಸುಣ್ಣ ಬಳಿದ ಹಲಗೆಯ ಮೇಲೆ ಇದ್ದಿಲಿನಿಂದ ನಾಲ್ಕು ಗೆರೆ ಎಳೆದುಕೊಂಡ.

ಅನಾಹುತಕ್ಕೆ ಅಷ್ಟು ಸಾಕಾಯಿತು.

ಕಿಟಕಿಯನ್ನು ಮಾಡಿಸಿದವರು ಊರಿನ ರೊಟ್ಟಿಯವರ ಸಂಘದವರು. ನಮ್ಮೂರಿನ ಸಂತ ಔದ್ರಿಕ ತಾನು ಉಪವಾಸವಿದ್ದು ಬಡವರಿಗೆ ರೊಟ್ಟಿ ಹಂಚಿದವನು. ಹಾಗಾಗಿ ಅವನು ತಮ್ಮವನೆಂದು ರೊಟ್ಟಿಯವರ ಹಕ್ಕು. ಸಂಘದ ಯಜಮಾನ ಅನ್ಸೆಲ್ಮ. ಉಬ್ಬಿದ ಹಿಟ್ಟಿನಂಥ ಮನುಷ್ಯ, ಯಾವ ಪಾತ್ರೆಗೆ ಹಾಕಿದರೂ ಅಂಚು ಮೀರಿ ಬರುವವನು. ಅವನಿಗೊಬ್ಬ ತಂಗಿ, ಪೆರ್ನೆಲ್ಲೆ. ಗಂಡ ತೀರಿಕೊಂಡ ಮೇಲೆ ಅಣ್ಣನ ಅಂಗಡಿಯಲ್ಲೇ ಹಿಟ್ಟು ನಾದಿಕೊಂಡಿದ್ದಳು. ಬೆಳಗಿನ ಜಾವ ಬತ್ತಿ ಕೊಡಲು ಬರುವ ಗೋಬೆರನ ಎರಡು ಕೈಯಲ್ಲೂ ಸಾಮಾನಿರುತ್ತದೆಂದು ಅವಳು ಪ್ರತಿದಿನ ಬಾಗಿಲನ್ನು ಗಾಳಿಗೆ ಬಡಿಯದಂತೆ ಹಿಡಿದು ನಿಲ್ಲುತ್ತಿದ್ದಳು. ಬೇರೆ ಯಾರೂ ಅವನಿಗೆ ಬಾಗಿಲು ಹಿಡಿದಿರಲಿಲ್ಲ. ಹೀಗೆ ಶುರುವಾದದ್ದು ಮದುವೆಯ ಮಾತಿನವರೆಗೂ ಬಂದಿತ್ತು. ಚಳಿಗಾಲದ ಕೊನೆಗೆ ಬರುವ ಔದ್ರಿಕನ ಹಬ್ಬದ ದಿನ ಸಂಜೆ ಪ್ರಾರ್ಥನೆಯ ನಂತರ ಪಾದ್ರಿಗಳು ಚರ್ಚಿನಲ್ಲಿ ಇಬ್ಬರ ಹೆಸರು ಕೂಗುವುದು, ಯಾರ ಆಕ್ಷೇಪಣೆಯೂ ಬಾರದಿದ್ದರೆ ಮದುವೆಯ ದಿನ ಗೊತ್ತುಮಾಡುವುದು ಎಂದು ತೀರ್ಮಾನವಾಗಿತ್ತು. ಅನ್ಸೆಲ್ಮನಿಗೆ ಕುರಿಕೊಬ್ಬಿನ ವಾಸನೆಯ ಭಾವ ಅಷ್ಟೇನೂ ಇಷ್ಟವಿರಲಿಲ್ಲ. ಆದರೆ ಬೇಡವೆನ್ನಲು ಕಾರಣವೂ ಸಿಕ್ಕಿರಲಿಲ್ಲ.

ಕಾರಣ ಹಬ್ಬದ ಬೆಳಗಿನ ಪೂಜೆಯಲ್ಲಿ ಸಿಕ್ಕಿತು.

ಗಿರಾರ ಪಾದ್ರಿಗಳು ಸನ್ನೆ ಮಾಡಿದರು. ದಕ್ಷಿಣದ ಗೋಡೆಯ ಕಿಟಕಿಗೆ ಇಳಿಬಿಟ್ಟ ಬಟ್ಟೆ ಕೆಳಗೆ ಬಿತ್ತು. ಬಿಸಿಲು ಗಾಜಿನೊಳಗಿಂದ ಸುರಿದು, ನೆಲದ ಮೇಲೆ, ಹೆಂಗಸರ ತಲೆವಸ್ತ್ರದ ಮೇಲೆ, ಒಂದು ಕೂಸಿನ ಅಂಗಾಲಿನ ಮೇಲೆ ಕೆಂಪು ನೀಲಿ ಚೆಲ್ಲಾಡಿತು. ಜನ ಉಸಿರು ಬಿಡುವುದನ್ನು ಮರೆತರು. ನಮ್ಮಲ್ಲಿ ಓದು ಬಂದವರು ಪಾದ್ರಿಗಳೊಬ್ಬರೇ. ಆದರೆ ಕಿಟಕಿ ಓದಲು ಎಲ್ಲರಿಗೂ ಬರುತ್ತದೆ: ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಚಿತ್ರ. ಬೆರ್ತಜ್ಜಿ ಎಂದಿನಂತೆ ಗಟ್ಟಿಯಾಗಿ ಓದತೊಡಗಿದಳು.

"ಕೆಳಗಡೆ ನೋಡ್ರೇ, ನಮ್ಮ ರೊಟ್ಟಿಯೋರು ಹಿಟ್ಟು ನಾದ್ತಾ ಇದಾರೆ. ಅದರ ಮೇಲೆ ಔದ್ರಿಕಪ್ಪ ಹುಟ್ಟಿದ್ದು. ಕೂಸು ನೋಡು, ಎಷ್ಟು ಮುದ್ದಾಗಿದೆ! ಅದರ ಮೇಲೆ, ಮದುವೆ ದಿನ ಕಿಟಕಿ ಹಾರಿ ಓಡ್ತಿರೋದು. ಪಾಪ, ಆ ಮದುಮಗಳು! ಅದರ ಮೇಲೆ ಭಿಕ್ಷುಕರಿಗೆ ರೊಟ್ಟಿ ಕೊಡ್ತಿದಾನೆ... ಅಯ್ಯೋ, ಇದು ನಮ್ಮ ಅನ್ಸೆಲ್ಮನ ಮುಖ ಅಲ್ವೇನ್ರೇ?"

ಹೌದು. ಅದಕ್ಕಾಗಿ ಅನ್ಸೆಲ್ಮ ಮೇಸ್ತ್ರಿಗೆ ಚಳಿಗಾಲವಿಡೀ ಮಾಂಸದ ಕಡುಬು ಕಳಿಸಿದ್ದ. ಇಡೀ ಕಿಟಕಿಯಲ್ಲಿ ಸಂತನ ಮುಖ ಸರಿಯಾಗಿ ಕಾಣುವುದು ಅದೊಂದೇ ಚಿತ್ರದಲ್ಲಿ. ಉಳಿದುದರಲ್ಲಿ ಒಂದು ಕಡೆ ಕೂಸು, ಒಂದು ಕಡೆ ಓಡುತ್ತಿರುವ ಬೆನ್ನು, ಒಂದು ಕಡೆ ಬಗ್ಗಿಸಿದ ಕತ್ತು. ಅನ್ಸೆಲ್ಮ ಈಗ ಚಿತ್ರದಲ್ಲಿದ್ದಂತೆಯೇ ತಲೆಯನ್ನು ಸ್ವಲ್ಪ ಓರೆ ಮಾಡಿಕೊಂಡು, ಎಲ್ಲರಿಗೂ ಹೋಲಿಸಿ ನೋಡಲು ಅನುಕೂಲವಾಗಲೆಂದು ಬೆಳಕಿಗೆ ಬಂದು ನಿಂತ.

"ಅದರ ಮೇಲೆ," ಬೆರ್ತಜ್ಜಿ ಮುಂದುವರಿಸಿದಳು, "ಆ ಚಂಡಾಲ ಕೊಡಲಿ ಎತ್ತಿ ಔದ್ರಿಕಪ್ಪನ ತಲೆ ತೆಗೀತಾ..." ಅವಳ ಮಾತು ನಿಂತಿತು. ಕಣ್ಣಿಗೆ ಕೈ ಅಡ್ಡ ಹಿಡಿದಳು. "ಅಯ್ಯಯ್ಯೋ! ಇವನು ನಮ್ಮ ಗೋಬೆರ!"

ಮೇಲೇರಿದ ಒಂದು ಹುಬ್ಬು, ಕೆಳಗಿಳಿದ ಇನ್ನೊಂದು. ಕಿರಿದಾದ ಕಣ್ಣು. ಬಿಗಿದ ತುಟಿ. ಹೂಜಿಯ ಹಿಡಿಯಂಥ ಕಿವಿ. ಸಂದೇಹವೇ ಬೇಡ. ಇಡೀ ಚರ್ಚು ಒಂದೇ ಸಲ ಹಿಂದಕ್ಕೆ ತಿರುಗಿ ಕಂಬದ ಪಕ್ಕದಲ್ಲಿದ್ದ ಗೋಬೆರನನ್ನು ನೋಡಿತು. ಗೋಬೆರನೂ, ಯಾರಿರಬಹುದೆಂದು, ತನ್ನ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಗೋಡೆಯಿತ್ತು.

ಪೂಜೆ ಮುಗಿದು ಹೊರಗೆ ಬರುವಷ್ಟರಲ್ಲಿ ಅವನ ಸುತ್ತ ಒಂದು ಗಾಡಿ ತಿರುಗಿಸುವಷ್ಟು ಜಾಗ ಖಾಲಿಯಾಗಿತ್ತು.

"ಎಷ್ಟು ಕೊಟ್ರೋ ನಿಂಗೆ?" ಎಂದ ಕಟುಕರ ಬೀದಿಯವನೊಬ್ಬ.

"ಯಾತಕ್ಕೆ?"

"ಔದ್ರಿಕಪ್ಪನ್ನ ಕೊಂದಿದ್ದಕ್ಕೆ."

"ನಾನು ಹುಟ್ಟೋಕೆ ನಾನೂರು ವರ್ಷ ಮುಂಚೆ ಸತ್ತವನು ಕಣಯ್ಯಾ ಅವನು!"

"ನಿಮ್ಮ ವಂಶದೋರು ಯಾರೋ ಇದ್ರಲ್ಲ ಆಗ. ಮೇಸ್ತ್ರಿಗೆ ಏನೂ ಗೊತ್ತಿಲ್ದೆ ಬರೀತಾನಾ? ನೋಡ್ದಾಗೆಲ್ಲಾ ಅಂದ್ಕೋತಿದ್ದೆ, ಇಷ್ಟು ಸಾಧು ಮನುಷ್ಯ ಇರೋಕೆ ಸಾಧ್ಯನೇ ಇಲ್ಲ ಅಂತ."

ಹಬ್ಬದ ದಿನ ರೊಟ್ಟಿಯವರು ಊರಿಗೆಲ್ಲ ಬಿಟ್ಟಿ ರೊಟ್ಟಿ ಹಂಚುವುದು ಪದ್ಧತಿ. ಪೂಜೆಗೆ ಮುಂಚೆ ಉಪವಾಸವಿದ್ದು, ಪೂಜೆ ಮುಗಿದ ಮೇಲೆ ಆ ರೊಟ್ಟಿಯಿಂದಲೇ ಉಪವಾಸ ಮುರಿಯಬೇಕು. ಗೋಬೆರ ಸಾಲಿನಲ್ಲಿ ನಿಂತ. ಅವನ ಮುಂದಿದ್ದವರು ಕತ್ತಿನ ಹಿಂಭಾಗವನ್ನು ಕೈಯಿಂದ ಮುಚ್ಚಿಕೊಂಡು ನಿಂತರು. ಅವನ ಸರದಿ ಬಂದಾಗ ಅನ್ಸೆಲ್ಮ ರೊಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡ.

"ಔದ್ರಿಕನ ರೊಟ್ಟೀನ ಔದ್ರಿಕನನ್ನ ಕೊಂದವನಿಗೆ ಕೊಡ್ಲಾ? ಸರಿ ಹೋಯ್ತು!"

"ಯಜಮಾನ್ರೇ, ನಾನು ಒಂದು ನೊಣಾನೂ ಹೊಡ್ದೋನಲ್ಲ..."

"ಅಣ್ಣಾ," ಎಂದಳು ಬುಟ್ಟಿಯ ಹಿಂದಿನಿಂದ ಪೆರ್ನೆಲ್ಲೆ, "ಚಿತ್ರ ಬರೆದಿದ್ದು ಮೇಸ್ತ್ರಿ. ಇವರೇನು ಮಾಡಿದ್ರು?"

"ನೀನು ಸುಮ್ನಿರು. ಲೋ ಗೋಬೆರಾ, ಕೇಳು. ನಾನು ಯಾರು? ಮೇಲೆ ನೋಡಿದೀಯಲ್ಲ, ನಾನು ಯಾರು ಅಂತ? ಇನ್ನು ಭಾನುವಾರ ಭಾನುವಾರ ಊರೆಲ್ಲಾ ಆ ಕಿಟಕಿ ನೋಡುತ್ತೆ. ನನ್ನ ತಲೆ ಮೇಲೇನೇ ನೀನು ಕೊಡಲಿ ಎತ್ಕೊಂಡು ನಿಂತಿರ್ತೀಯ. ಅಂಥೋನಿಗೆ ನನ್ನ ತಂಗೀನ ಕೊಡ್ಲಾ? ಸಂಜೆ ಪ್ರಾರ್ಥನೆ ಹೊತ್ತಿಗೆ ಆ ಮುಖ ಅಲ್ಲಿಂದ ಹೋಗಿರ್ಬೇಕು. ಇಲ್ದಿದ್ರೆ ಪಾದ್ರಿಗಳು ಹೆಸರು ಕೂಗಿದ ತಕ್ಷಣ ಆಕ್ಷೇಪಣೆ ಅಂತ ಏಳೋನು ನಾನೇ."

ಪೆರ್ನೆಲ್ಲೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನವರು ಸಾಲನ್ನು ಮುಂದೊತ್ತಿದರು. ಗೋಬೆರ ಬರಿಗೈಯಲ್ಲಿ ಹೊರಬಿದ್ದ.

ಮೇಸ್ತ್ರಿ ಕೆಲಸ ಮಾಡುವ ಕೊಟ್ಟಿಗೆಗೆ ಓಡಬೇಕೆಂದು ಅವನು ತಿರುವು ಹಿಡಿಯುವಾಗ ಬೆರ್ತಜ್ಜಿ ಅಡ್ಡಗಟ್ಟಿದಳು. ಅವಳ ಕಂಕುಳಲ್ಲಿ ಒಂದು ಕೊಬ್ಬಿದ ಹೆಬ್ಬಾತು, ಇನ್ನೊಂದು ಕೈಯಲ್ಲಿ ಕೊಡಲಿ. ಇಡೀ ಊರಿನಲ್ಲಿ ಅವನನ್ನು ಕಂಡು ಹೆದರದೆ ಹತ್ತಿರ ಬಂದವಳು ಅವಳೊಬ್ಬಳೇ ಎಂದು ಗೋಬೆರನ ಕಣ್ಣು ತುಂಬಿ ಬಂತು.

"ಒಳ್ಳೇ ಹೊತ್ತಿಗೆ ಸಿಕ್ದೆ ಕಣಪ್ಪಾ. ಹಬ್ಬಕ್ಕೆ ಇದನ್ನ ಕುಯ್ಯಬೇಕು. ನಂಗೆ ಕೈ ನಡುಗುತ್ತೆ. ನೀನಾದ್ರೆ ಒಂದೇ ಏಟು."

"ಅಜ್ಜೀ, ನಂಗೆ ಬರಲ್ಲ! ನಾನು ಕೋಳೀನೂ ಕುಯ್ದಿಲ್ಲ!"

"ಸಂತರ ಕತ್ತು ಕಡ್ದೋನಿಗೆ ಬಾತುಗಳ ಕತ್ತು ಯಾವ ಲೆಕ್ಕ? ನಾಚ್ಕೋಬೇಡ. ನಾನು ಯಾರ ಹತ್ರಾನೂ ಹೇಳಲ್ಲ. ಕಸುಬು ಅಂದ್ಮೇಲೆ ಕಸುಬು."

ಹೇಳುತ್ತಲೇ ಕೊಡಲಿಯನ್ನು ಅವನ ಕೈಗೆ ತುರುಕಿ, ಬಾತನ್ನು ಮರದ ದಿಮ್ಮಿಯ ಮೇಲೆ ಇಟ್ಟಳು. ಬಾತು ಕತ್ತು ಎತ್ತಿ ಗೋಬೆರನನ್ನು ನೋಡಿತು. ಗೋಬೆರ ಬಾತನ್ನು ನೋಡಿದ. ಇಬ್ಬರ ಎದೆಯೂ ಒಂದೇ ವೇಗದಲ್ಲಿ ಹೊಡೆದುಕೊಳ್ಳುತ್ತಿತ್ತು. ಅವನು "ಓಡು ಮಾರಾಯ್ತೀ" ಎಂದು ಮೆಲ್ಲಗೆ ಪಿಸುಗುಟ್ಟಿದ. ಅದು ಅರ್ಥವಾಯಿತೋ ಏನೋ, ಬಾತು ಅಜ್ಜಿಯ ಕೈಗೆ ಒಮ್ಮೆ ಕುಟುಕಿ, ರೆಕ್ಕೆ ಬಡಿದು ಬೀದಿಗಿಳಿಯಿತು.

"ಹಿಡಿಯೋ! ವರ್ಷವೆಲ್ಲಾ ಸಾಕಿದ ಬಾತು! ಹಿಡಿಯೋ!"

ಅಜ್ಜಿಯ ವರ್ಷದ ಬಾತು ಕಳೆದುಹೋದರೆ ಅದೂ ತನ್ನ ತಲೆಗೇ ಬರುತ್ತದೆ. ಗೋಬೆರ ಅಟ್ಟಿಸಿಕೊಂಡು ಓಡಿದ. ಕೈಯಲ್ಲಿ ಕೊಡಲಿಯಿದೆ ಎಂಬುದು ಅವನಿಗೆ ನೆನಪಿರಲಿಲ್ಲ. ಕೊಡಲಿ ಕಂಡವರಿಗೆ ಬಾತಿನ ವಿಷಯ ಗೊತ್ತಿರಲಿಲ್ಲ. ಹೆಂಗಸರು ಮಕ್ಕಳನ್ನು ಒಳಗೆಳೆದುಕೊಂಡರು. ಉಣ್ಣೆ ಬೀದಿಯಲ್ಲಿ ಒಬ್ಬ ಬಣ್ಣದ ತೊಟ್ಟಿಗೆ ಹಾರಿ, ಸೊಂಟದವರೆಗೆ ನೀಲಿಯಾಗಿ ಎದ್ದು ಬಂದ. ಬಾತು ಸೀದಾ ಚರ್ಚಿನ ಬಾಗಿಲಿಗೆ ನುಗ್ಗಿತು.

ಒಳಗೆ ಪಾದ್ರಿಗಳು ಪಕ್ಕದ ಊರಿನಿಂದ ಬಂದ ಯಾತ್ರಿಕರಿಗೆ ಹೊಸ ಕಿಟಕಿ ತೋರಿಸುತ್ತಿದ್ದರು. "...ಆ ಗಳಿಗೆಯಲ್ಲಿ ಆ ಪಾಪಿ ಕೊಡಲಿ ಎತ್ತಿದ," ಎನ್ನುತ್ತಿರುವಾಗ ಬಾಗಿಲು ಧಡಾರನೆ ತೆರೆಯಿತು. ಹೊಸ್ತಿಲಲ್ಲಿ ಗೋಬೆರ. ಏದುಸಿರು, ಬಿಸಿಲಿಗೆ ಕಿರಿದಾದ ಕಣ್ಣು, ಓಡಿ ಓಡಿ ಬಿಗಿದ ತುಟಿ. ಬಾಗಿಲು ತಳ್ಳಿದ ರಭಸಕ್ಕೆ ಕೈಯಲ್ಲಿದ್ದ ಕೊಡಲಿ ತಲೆಯ ಮೇಲಕ್ಕೆ ಎದ್ದಿತ್ತು. ಯಾತ್ರಿಕರು ಅವನನ್ನು ನೋಡಿದರು, ಕಿಟಕಿ ನೋಡಿದರು, ಮತ್ತೆ ಅವನನ್ನು ನೋಡಿದರು. ಕಿರುಚಿಕೊಂಡು ಇನ್ನೊಂದು ಬಾಗಿಲಿನಿಂದ ಹೊರಗೋಡಿದರು. ಒಬ್ಬ ಕುಂಟ ಯಾತ್ರಿಕ ಎಲ್ಲರಿಗಿಂತ ಮುಂದಿದ್ದ. ಅದನ್ನು ಔದ್ರಿಕನ ಪವಾಡವೆಂದು ಇವತ್ತಿಗೂ ಹೇಳುವವರಿದ್ದಾರೆ.

"ಗೋಬೆರಾ," ಎಂದರು ಪಾದ್ರಿಗಳು ಕಂಬದ ಹಿಂದಿನಿಂದ, "ಅದನ್ನ ಕೆಳಗಿಡಪ್ಪಾ. ನಿಧಾನಕ್ಕೆ."

"ಬಾತು, ಗುರುಗಳೇ..."

"ಆಯ್ತು, ಬಾತು. ನೀನು ಹೇಳಿದ ಹಾಗೇ ಆಗಲಿ. ಮೊದಲು ಅದನ್ನ ಕೆಳಗಿಡು."

ಬಾತನ್ನು ಹಿಡಿದು ಅಜ್ಜಿಗೆ ಒಪ್ಪಿಸಿದ್ದು ಪಾದ್ರಿಗಳೇ. ಗೋಬೆರ ಸೀದಾ ಎವ್ರಾರ ಮೇಸ್ತ್ರಿಯ ಕೊಟ್ಟಿಗೆಗೆ ಹೋಗಿ ನೆಲದ ಮೇಲೆ ಕುಕ್ಕರಿಸಿದ.

ಮೇಸ್ತ್ರಿ ಗಾಜಿನ ಚೂರುಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದ. ಕೆಲಸ ಮುಗಿದಿತ್ತು, ಚರ್ಚಿನ ಗೋಡೆಗೆ ಕಟ್ಟಿದ್ದ ಮರದ ಸಾರುವೆ ಬಿಚ್ಚಿ ಅದೇ ದಿನ ಮುಂದಿನ ಊರಿಗೆ ಹೊರಡುವವನಿದ್ದ.

"ಮೇಸ್ತ್ರಿಗಳೇ, ನನ್ನ ಮುಖ ಅಳಿಸಿಬಿಡಿ."

"ಅಳಿಸೋಕೆ ಅದೇನು ಹಲಗೆ ಮೇಲಿನ ಇದ್ದಿಲೇ? ಗಾಜಿನ ಮೇಲೆ ಬರೆದು ಒಲೆಯಲ್ಲಿ ಸುಟ್ಟಿದ್ದು. ಪ್ರಳಯ ಆದ್ರೂ ನಿನ್ನ ಹುಬ್ಬು ಹಾಗೇ ಇರುತ್ತೆ."

"ಹಾಗಾದ್ರೆ ಬೇರೆ ಮುಖ ಹಾಕಿ."

"ಹೊಸ ಮುಖ ಬರೀಬೇಕು, ಒಲೆ ಹೊತ್ತಿಸ್ಬೇಕು, ಸುಡಬೇಕು, ಆರಿಸ್ಬೇಕು. ಸಂಜೆಯೊಳಗೆ ಯಾರಪ್ಪನ ಕೈಲೂ ಆಗಲ್ಲ."

ಗೋಬೆರ ಮೊಣಕಾಲಿನ ಮೇಲೆ ತಲೆಯಿಟ್ಟ. "ಸಂಜೆಗೆ ನಮ್ಮ ಹೆಸರು ಕೂಗ್ತಾರೆ. ಅವರಣ್ಣ ಆಕ್ಷೇಪಣೆ ಅಂತ ಎದ್ದರೆ ಮುಗೀತು. ನಂಗೆ ಪೆರ್ನೆಲ್ಲೆ ಬಿಟ್ರೆ ಬೇರೆ ಯಾರೂ ಇಲ್ಲ ಮೇಸ್ತ್ರಿಗಳೇ. ಊರಲ್ಲಿ ಇಷ್ಟೊಂದು ಕೆಟ್ಟ ಮುಖಗಳಿವೆ. ನಾನೇ ಯಾಕೆ ಬೇಕಾಗಿತ್ತು ನಿಮಗೆ?"

"ಕೊಂದವನಾಗಿ ನಿಲ್ಲೋಕೆ ಯಾರೂ ಒಪ್ಪಲಿಲ್ಲಪ್ಪಾ. ನೀನು ಅವತ್ತು ಕೊಬ್ಬು ತಂದಾಗ ಹಾಗೆ ನಿಂತಿದ್ದೆಯಲ್ಲ, ಹುಬ್ಬು ಹಾರಿಸ್ಕೊಂಡು, ಹಲ್ಲು ಕಚ್ಚಿಕೊಂಡು. ಇವನ ಹೊಟ್ಟೇಲಿ ಎಂಥಾ ಕ್ರೋಧ ಇದೆ ಅಂದ್ಕೊಂಡೆ. ಯಾರ ಮೇಲೆ ಅಷ್ಟು ಸಿಟ್ಟು ಬಂದಿತ್ತು?"

"ಸಿಟ್ಟಲ್ಲ," ಎಂದ ಗೋಬೆರ. ಹೇಳಲು ನಾಚಿಕೆಯಾಯಿತು, ಆದರೂ ಹೇಳಿದ. "ಆ ಹೊಗೆ. ಅಮ್ಮ ಬತ್ತಿ ಆರಿಸ್ತಿದ್ದಾಗ ಹಾಗೇ ಬರ್ತಿತ್ತು. ಅಮ್ಮನ ನೆನಪಾಯ್ತು, ಅಷ್ಟೇ."

ಮೇಸ್ತ್ರಿಯ ಕೈ ಪೆಟ್ಟಿಗೆಯೊಳಗೇ ನಿಂತಿತು. ಮೂವತ್ತು ವರ್ಷ ಊರೂರಿನ ಮುಖಗಳನ್ನು ನೋಡಿ ಬರೆದವನು ಅವನು. ಅಳುವನ್ನು ಕಂಡು ಕ್ರೋಧವೆಂದು ಬರೆದುಬಿಟ್ಟಿದ್ದೆನೇ ಎಂದು ಅವನು ಗೋಬೆರನ ಮುಖವನ್ನು ಮತ್ತೊಮ್ಮೆ ದಿಟ್ಟಿಸಿದ. ಆಮೇಲೆ ಎದ್ದು ಬಂದು, ಕುರಿಕೊಬ್ಬಿನ ಜಿಡ್ಡು ಹತ್ತಿದ ಅವನ ತೋಳಿನ ಮೇಲೆ ಕೈಯಿಟ್ಟ.

"ಒಂದು ಉಂಡೆ ಕೊಬ್ಬು ತಂದ್ಕೊಡು. ಜನ ಎಲ್ಲಾ ಊಟಕ್ಕೆ ಹೋಗಿದಾರೆ, ಚರ್ಚಿನ ಬಾಗಿಲು ಹಾಕ್ಕೋತೀನಿ. ಪ್ರಾರ್ಥನೆ ಹೊತ್ತಿಗೆ ನಿನ್ನ ಮುಖ ಆ ಕೊಡಲಿ ಹಿಂದೆ ಇರಲ್ಲ. ಹೇಗೆ ಅಂತ ಕೇಳ್ಬೇಡ."

ಗೋಬೆರ ಕೇಳಲಿಲ್ಲ. ಕೊಬ್ಬು ಕೊಟ್ಟು ಚರ್ಚಿನ ಹಿಂದಿನ ಸಮಾಧಿಗಳ ನಡುವೆ ಕುಳಿತ. ಊರಿನ ಮನೆಮನೆಯಿಂದ ಹಬ್ಬದ ಅಡುಗೆಯ ಹಬೆ ಬರುತ್ತಿತ್ತು. ಎಲ್ಲೋ ಈರುಳ್ಳಿ ಹುರಿಯುತ್ತಿದ್ದರು. ಬೆಳಗಿನಿಂದ ಹೊಟ್ಟೆಗೆ ನೀರು ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ. ಆದರೂ ಅವನ ಮನಸ್ಸು ಹಗುರವಾಗಿತ್ತು. ಅಲ್ಲೇ ಗೋಡೆಗೊರಗಿ ನಿದ್ದೆ ಹೋದ.

ಗಂಟೆ ಬಾರಿಸಿದಾಗ ಎಚ್ಚರವಾಯಿತು. ಊರೆಲ್ಲ ಚರ್ಚಿನೊಳಗೆ ತುಂಬಿತ್ತು. ಅವನು ಹಿಂದಿನ ಬಾಗಿಲಿನಿಂದ ಮೆಲ್ಲಗೆ ಬಂದು ಕಂಬದ ಮರೆಯಲ್ಲಿ ನಿಂತ. ಸಾರುವೆ ಇರಲಿಲ್ಲ. ಮೇಸ್ತ್ರಿಯೂ ಇರಲಿಲ್ಲ, ಅವನ ಕತ್ತೆಗಾಡಿ ಆಗಲೇ ಸೇತುವೆ ದಾಟಿತ್ತು. ಇಳಿಬಿಸಿಲು ಕಿಟಕಿಯನ್ನು ತುಂಬಿಕೊಂಡಿತ್ತು. ಗೋಬೆರ ಹೆದರುತ್ತ ಕಣ್ಣೆತ್ತಿ ಕೊಡಲಿಯವನನ್ನು ನೋಡಿದ. ಹೌದು, ಅಲ್ಲಿ ಅವನ ಮುಖವಿರಲಿಲ್ಲ. ಅವನು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಕಣ್ಣು ಮುಚ್ಚಿದ. ಮೊದಲು ಕೂಗಿದವಳು ಬೆರ್ತಜ್ಜಿ.

"ಅಯ್ಯಯ್ಯೋ! ಕೊಡಲಿ ಹಿಡ್ದಿರೋದು ಅನ್ಸೆಲ್ಮ!"

ಗಾಜಿನವರ ಕೆಲಸದ ರೀತಿಯೇ ಹಾಗೆ. ಒಂದು ಕಿಟಕಿಯ ತಲೆಗಳನ್ನೆಲ್ಲ ಒಂದೇ ಅಳತೆಯ ಅಚ್ಚಿನಲ್ಲಿ ಕತ್ತರಿಸುತ್ತಾರೆ. ರಾಜನಿಗೂ ಭಿಕ್ಷುಕನಿಗೂ, ಸಂತನಿಗೂ ಕೊಂದವನಿಗೂ ತಲೆ ಒಂದೇ ಗಾತ್ರ. ಸಂತ ಬಗ್ಗಿ ಭಿಕ್ಷುಕರನ್ನು ನೋಡುತ್ತಿದ್ದ, ಕೊಡಲಿಯವನು ಬಗ್ಗಿ ಕತ್ತನ್ನು ನೋಡುತ್ತಿದ್ದ. ಎರಡೂ ತಲೆ ಒಂದೇ ಕಡೆಗೆ ವಾಲಿದ್ದವು. ಮೇಸ್ತ್ರಿ ಸೀಸ ಬಿಚ್ಚಿ ಎರಡನ್ನೂ ಅದಲುಬದಲು ಮಾಡಿ ಮತ್ತೆ ಬೆಸೆದುಬಿಟ್ಟಿದ್ದ. ಈಗ ರೊಟ್ಟಿ ಹಂಚುವ ಸಂತನ ಪ್ರಭಾವಳಿಯ ನಡುವೆ ಗೋಬೆರ ನಿಂತಿದ್ದ. ಅದೇ ಹುಬ್ಬು, ಅದೇ ಕಣ್ಣು, ಅದೇ ತುಟಿ, ಒಂದು ಗೆರೆಯೂ ಬದಲಾಗಿರಲಿಲ್ಲ. ಆದರೆ ಕೊಡಲಿಯ ಹಿಂದೆ ಕ್ರೂರವಾಗಿದ್ದ ಆ ಮುಖ ರೊಟ್ಟಿಯ ಹಿಂದೆ ಎಷ್ಟು ಮರುಕದಿಂದ ಕಾಣುತ್ತಿತ್ತೆಂದರೆ, ಮುಂದಿನ ಸಾಲಿನ ಇಬ್ಬರು ಹೆಂಗಸರು ಕಾರಣವಿಲ್ಲದೆ ಅತ್ತರು. ಬೆಳಿಗ್ಗೆ ಧರ್ಮಾತ್ಮನಂತಿದ್ದ ಅನ್ಸೆಲ್ಮನ ತೃಪ್ತ ನಗು ಮಾತ್ರ ಈಗ ಬಗ್ಗಿದ ಕತ್ತಿನ ಮೇಲೆ ನೋಡಲಾಗದಷ್ಟು ಭಯಂಕರವಾಗಿತ್ತು.

"ನೋಡಿ, ನಗ್ತಾ ನಗ್ತಾ ಕಡೀತಿದಾನೆ!" ಎಂದ ಯಾರೋ.

"ರೊಟ್ಟೀನ ತೂಕದಲ್ಲಿ ಕಡಿಮೆ ಮಾಡ್ತಿದ್ದಾಗ್ಲೇ ಅನುಮಾನ ಬಂದಿತ್ತು ನಂಗೆ."

ಬೆಳಿಗ್ಗೆ ಮುಖ ಬೇರೆ ಇತ್ತಲ್ಲ ಎಂದು ಒಬ್ಬರಾದರೂ ಕೇಳಬೇಕಿತ್ತು. ಕೇಳಿದರು ಕೂಡ. ಅದಕ್ಕೆ ಬೆರ್ತಜ್ಜಿಯ ಬಳಿ ಉತ್ತರ ಸಿದ್ಧವಿತ್ತು: "ಔದ್ರಿಕಪ್ಪ ತಾನೇ ಇಳಿದು ಬಂದು ಸರಿ ಮಾಡಿದಾನೆ. ಬೆಳಿಗ್ಗೆ ತಪ್ಪು ಮಾಡಿದ್ದು ಮನುಷ್ಯ, ಸಂಜೆ ತಿದ್ದಿದ್ದು ಸಂತ."

ಗದ್ದಲದ ನಡುವೆ ಪಾದ್ರಿಗಳು ಕೈಯೆತ್ತಿದರು. ಅವರಿಗೆ ಕಿಟಕಿಗಿಂತ ಕೆಲಸ ಮುಗಿಸುವುದು ಮುಖ್ಯವಾಗಿತ್ತು. "ಬತ್ತಿ ಮಾಡುವ ಗೋಬೆರನಿಗೂ, ಅನ್ಸೆಲ್ಮನ ತಂಗಿ ಪೆರ್ನೆಲ್ಲೆಗೂ ಮದುವೆ ನಿಶ್ಚಯವಾಗಿದೆ. ಯಾರದಾದರೂ ಆಕ್ಷೇಪಣೆ ಇದ್ದರೆ ಈಗಲೇ ಹೇಳಬೇಕು."

ಅನ್ಸೆಲ್ಮ ಎದ್ದು ನಿಂತ. ಬೆವರಿನಿಂದ ಅವನ ಮುಖ ಬೇಯಿಸದ ರೊಟ್ಟಿಯಂತಾಗಿತ್ತು.

"ನಂದೇನೂ ಆಕ್ಷೇಪಣೆ ಇಲ್ಲ!" ಎಂದು ಕೂಗಿದ. "ಸ್ವಲ್ಪಾನೂ ಇಲ್ಲ! ಇವರು ನಮ್ಮ ಭಾವ! ನಾಳೇನೇ ಮದುವೆ ಆಗ್ಲಿ, ಇವತ್ತೇ ಆಗ್ಲಿ! ಖರ್ಚೆಲ್ಲಾ ನಂದು!" ಸಂತನ ಭಾವನಾದರೆ ಕೊಡಲಿಯ ಕಳಂಕ ಸ್ವಲ್ಪವಾದರೂ ತೊಳೆದುಹೋಗುತ್ತದೆಂದು ಅವನ ತಲೆ ಆಗಲೇ ಓಡಿತ್ತು.

ಗೋಬೆರ ಕಂಬದ ಮರೆಯಿಂದ ಹೊರಬಂದ. ಎದುರು ಸಾಲಿನಲ್ಲಿ ಪೆರ್ನೆಲ್ಲೆ ಅವನನ್ನು ನೋಡಿ ನಕ್ಕಳು. ಜೀವನದಲ್ಲಿ ಅಷ್ಟು ಸುಖದ ಗಳಿಗೆ ಅವನಿಗೆ ಇನ್ನೊಂದಿರಲಿಲ್ಲ. ಆ ಗಳಿಗೆ ಒಂದು ಸೀನು ಸೀನುವಷ್ಟು ಹೊತ್ತು ಇತ್ತು.

"ನಂದು ಆಕ್ಷೇಪಣೆ ಇದೆ ಗುರುಗಳೇ," ಎಂದಳು ಬೆರ್ತಜ್ಜಿ.

"ನಿಂದೇನಮ್ಮಾ?"

"ಅಲ್ಲೇ ಇದೆಯಲ್ಲ, ಮೇಲೆ ನೋಡಿ. ಔದ್ರಿಕಪ್ಪ ಮದುವೆ ಬೇಡ ಅಂತ ಕಿಟಕಿ ಹಾರಿ ಓಡಿಹೋದೋನು. ಅವನ ಮುಖ ಹೊತ್ತೋನಿಗೆ ನಾವೇ ಹಿಡಿದು ಮದುವೆ ಮಾಡಿಸಿದ್ರೆ ಊರಿಗೆ ಒಳ್ಳೇದಾಗುತ್ತಾ? ಬೆಳೆ ಬರುತ್ತಾ?"

"ಅದೂ ಕೊಂದವನ ತಂಗೀನ!" ಎಂದ ಸೊಂಟದವರೆಗೆ ನೀಲಿಯಾಗಿದ್ದವನು.

"ನಮ್ದೂ ಆಕ್ಷೇಪಣೆ!" "ನಮ್ದೂ!" ಸಾಲು ಸಾಲಾಗಿ ಜನ ಎದ್ದರು. ಬೆಳಿಗ್ಗೆ ಅವನನ್ನು ಬೈದವರೇ ಈಗ ಅವನ ಬ್ರಹ್ಮಚರ್ಯವನ್ನು ಕಾಪಾಡಲು ಪ್ರಾಣ ಕೊಡಲು ನಿಂತಿದ್ದರು.

"ನಾನು ಸಂತ ಅಲ್ಲ ಕಣ್ರಪ್ಪಾ!" ಎಂದು ಗೋಬೆರ ಅಂಗಲಾಚಿದ. "ನಂಗೆ ಮದುವೆ ಆಗ್ಬೇಕು!"

"ನೋಡಿದ್ರಾ ವಿನಯ?" ಎಂದಳು ಬೆರ್ತಜ್ಜಿ. "ಔದ್ರಿಕಪ್ಪನೂ ಹಾ‌ಗೇ ಅಂತಿದ್ದನಂತೆ, ನಾನು ಸಂತ ಅಲ್ಲ ಅಂತ."

ಪಾದ್ರಿಗಳು ಕಿಟಕಿಯನ್ನೊಮ್ಮೆ, ಜನರನ್ನೊಮ್ಮೆ ನೋಡಿ ಹಣೆ ಒರೆಸಿಕೊಂಡರು. ಇದು ತಮ್ಮ ಕೈಯಲ್ಲಿ ತೀರುವ ಮಾತಲ್ಲ, ಬಿಷಪ್ಪರನ್ನೇ ಕೇಳಬೇಕು ಎಂದರು. ಬಿಷಪ್ಪರು ರೋಮಿಗೆ ಹೋಗಿದ್ದರು. ಹಿಮ ಕರಗಿ ಬೆಟ್ಟದ ದಾರಿ ತೆರೆದ ಮೇಲೆ ಬರುತ್ತಾರೆ. ಅಲ್ಲಿಯವರೆಗೆ ಮದುವೆಯ ಮಾತಿಲ್ಲ.

ಹೊರಗೆ ಬಂದರೆ ಅವನ ಕೈಗೆ ಯಾರೋ ದೊಡ್ಡದೊಂದು ಬಿಸಿ ರೊಟ್ಟಿ ಕೊಟ್ಟರು. ಗೋಬೆರನ ಬಾಯಲ್ಲಿ ನೀರೂರಿತು. ಕಚ್ಚಬೇಕೆಂದು ಎತ್ತುವಷ್ಟರಲ್ಲಿ ಅವನ ಮುಂದೆ ಜನ ಸಾಲಾಗಿ ನಿಂತು ಕೈಯೊಡ್ಡಿದ್ದರು, ಚಿತ್ರದಲ್ಲಿದ್ದಂತೆಯೇ. ಮೊದಲಿನವಳು ಒಂದು ಜ್ವರದ ಕೂಸನ್ನು ಎತ್ತಿಕೊಂಡಿದ್ದಳು. ಅವಳಿಗೆ ಇಲ್ಲವೆನ್ನಲು ಅವನಿಂದಾಗಲಿಲ್ಲ. ಮುರಿದು ಕೊಟ್ಟ. ಅವಳ ಹಿಂದಿದ್ದ ಮುದುಕನಿಗೂ ಕೊಟ್ಟ. ಕೊನೆಗೆ ಬಂದವನು ಬೆಳಿಗ್ಗೆ ಬೈದ ಕಟುಕರ ಬೀದಿಯವನು. ಅವನಿಗೂ ಕೊಟ್ಟಾಗ ಕೈಯಲ್ಲಿ ಉಳಿದದ್ದು ರೊಟ್ಟಿಯ ಪುಡಿ.

"ನೀವು ಬೇರೇನಾದ್ರೂ ತಗೋತೀರಾ ಅಪ್ಪಾ?" ಎಂದು ಒಬ್ಬಳು ಕೇಳಿದಳು.

"ಛೆ, ಅವರು ಏನೂ ಮುಟ್ಟೋಲ್ಲ," ಎಂದು ಇನ್ನೊಬ್ಬಳು ಅವಳನ್ನು ಗದರಿದಳು. "ಬೆಳಿಗ್ಗೆಯಿಂದ ಉಪವಾಸ ಇದಾರೆ. ನಾನೇ ಕಣ್ಣಾರೆ ನೋಡಿದೀನಿ."

ಜನ ಚದುರಿದ ಮೇಲೆ ಗೋಬೆರ ತನ್ನ ಅಂಗಡಿಯ ಮೆಟ್ಟಿಲಿಗೆ ಬಂದು ಕುಳಿತ. ಮುಚ್ಚಂಜೆಯಾಗಿತ್ತು. ನದಿಯ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಹಿಮ ಕರಗುವುದು ಯಾವಾಗ, ಬಿಷಪ್ಪರು ಬರುವುದು ಯಾವಾಗ ಎಂದು ಯೋಚಿಸಹೊರಟ, ಹಸಿವಿಗೆ ಯೋಚನೆ ಮುಂದೆ ಹೋಗಲಿಲ್ಲ.

ಪಕ್ಕದಲ್ಲಿ ಯಾರೋ ಬಂದು ಕುಳಿತರು. ಪೆರ್ನೆಲ್ಲೆ.

"ಅಣ್ಣ ಅಟ್ಟ ಹತ್ತಿ ಮುಸುಕು ಹಾಕ್ಕೊಂಡಿದಾನೆ," ಎಂದಳು. "ಇನ್ನು ಮೇಲೆ ಪಕ್ಕದ ಊರಿನ ಚರ್ಚಿಗೆ ಹೋಗ್ತಾನಂತೆ."

"ನೀವು ಇಲ್ಲಿ ಬಂದಿದ್ದು ಯಾರಾದ್ರೂ ನೋಡಿದ್ರೆ..."

"ನೋಡ್ಲಿ. ಸಂತರನ್ನ ನೋಡೋಕೆ ಊರೇ ಬರುತ್ತೆ. ನಾನೂ ಬಂದೆ."

ಗೋಬೆರನಿಗೆ ನಗು ಬಂತು. ಅವಳಿಗೂ ಬಂತು. ಇಬ್ಬರೂ ಸದ್ದು ಹೊರಗೆ ಕೇಳದಂತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ವಸಂತ ಬರೋವರೆಗೆ ಕಾಯಬೇಕಲ್ಲ," ಎಂದ ಅವನು ಕೊನೆಗೆ. "ಬಿಷಪ್ಪರು ಬಂದೂ ಬೇಡ ಅಂದ್ರೆ?"

ಪೆರ್ನೆಲ್ಲೆ ಬೀದಿಯ ಎರಡು ಕಡೆಗೂ ಒಮ್ಮೆ ನೋಡಿದಳು. ಆಮೇಲೆ ಮೇಲುಹೊದಿಕೆಯೊಳಗಿಂದ ಒಂದು ಮಣ್ಣಿನ ಬಟ್ಟಲು ತೆಗೆದು, ಮುಚ್ಚಿದ್ದ ಬಟ್ಟೆ ಸರಿಸಿ, ಹಂದಿಮಾಂಸದ ತುಂಡು ಹಾಕಿ ಬೇಯಿಸಿದ ಬಟಾಣಿಯ ಬಿಸಿ ಗಂಜಿಯನ್ನು ಅವನ ಎರಡು ಕೈಗಳ ನಡುವೆ ಇಟ್ಟಳು.